ಏಳನೇ ಸಕ್ಕರೆ ಪೊಟ್ಟಣ

"ಇನ್ನು ಮೇಲೆ ಟೆನಿಸ್ ಕೋರ್ಟಿನ ಹತ್ರ ನಾನು ನಿನ್ನ ತಾಯಿ ಅಲ್ಲ. ಬೇರೆಯವರು ಹೇಗೆ ನೋಡ್ತಾರೋ ಹಾಗೇ ನೋಡ್ತೀನಿ. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿ ಇಲ್ಲ."

ಗೇನರ್ ಪೆಲ್ ತನ್ನ ಮಗಳು ಟ್ಯಾಮ್ಸಿನ್‌ಗೆ ಈ ಮಾತು ಕೊಟ್ಟಾಗ ಹುಡುಗಿಗೆ ಹನ್ನೆರಡು ವರ್ಷ. ಬೋಲ್ಟನ್ನಿನ ಒಂದು ಕ್ಲಬ್ಬಿನ ಕಾರ್ ಪಾರ್ಕಿನಲ್ಲಿ, ಇಬ್ಬರೂ ಸೀಟ್ ಬೆಲ್ಟ್ ಹಾಕಿಕೊಂಡು, ಕಾರು ಮಾತ್ರ ಸ್ಟಾರ್ಟ್ ಮಾಡದೆ ಕೂತಿದ್ದರು. ಚಿಕ್ಕ ಮಕ್ಕಳ ಪಂದ್ಯಗಳಿಗೆ ಅಂಪೈರ್ ಇರುವುದಿಲ್ಲ. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎನ್ನುವುದನ್ನು ಆ ಬದಿಯ ಮಗುವೇ ಹೇಳಬೇಕು, ಈ ಬದಿಯ ಮಗು ನಂಬಬೇಕು. ತಂತಿ ಬೇಲಿಯಾಚೆ ನಿಂತ ತಂದೆತಾಯಂದಿರು ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಅಂದು ಎದುರಾಳಿ ಹುಡುಗಿ ಒಳಗೆ ಬಿದ್ದ ಚೆಂಡನ್ನು ಹೊರಗೆ ಎಂದಳು. ಮತ್ತೆ ಎಂದಳು. ಮತ್ತೂ ಒಮ್ಮೆ ಎಂದಾಗ ಗೇನರ್‌ಗೆ ತಡೆಯಲಾಗಲಿಲ್ಲ. ಬೇಲಿಯ ಬಾಗಿಲು ತಳ್ಳಿಕೊಂಡು ಕೋರ್ಟಿನೊಳಗೇ ನುಗ್ಗಿ, ಚೆಂಡು ಬಿದ್ದ ಜಾಗವನ್ನು ಶೂ ತುದಿಯಿಂದ ತಟ್ಟಿ ತಟ್ಟಿ ತೋರಿಸಿದಳು. ರೆಫರಿ ಓಡಿ ಬಂದ. ತಾಯಿಯನ್ನು ಹೊರಗೆ ಕಳಿಸಿ, ಮಗಳ ಒಂದು ಗೇಮನ್ನು ಕಿತ್ತು ಎದುರಾಳಿಗೆ ಕೊಟ್ಟ. ಟ್ಯಾಮ್ಸಿನ್ ಸೋತಳು. ಸೋತದ್ದಕ್ಕೆ ಅವಳು ಅಳಲಿಲ್ಲ. ಉಳಿದ ಹುಡುಗಿಯರು ಶೂ ತುದಿಯಿಂದ ನೆಲ ತಟ್ಟುತ್ತ, ಗೇನರ್‌ಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದುದನ್ನು ಕಂಡು ಅತ್ತಳು. ಕಾರಿನಲ್ಲಿ ಆ ಮಾತನ್ನು ತಾಯಿಯ ಬಾಯಿಂದ ಒಂದಲ್ಲ, ಎರಡು ಸಲ ಹೇಳಿಸಿದಳು.

ಇಂಥ ಮಾತುಗಳನ್ನು ಯಾವ ತಾಯಿ ಕೊಟ್ಟಿರುವುದಿಲ್ಲ? ಮಕ್ಕಳು ಮರೆಯುತ್ತವೆ, ತಾಯಂದಿರೂ ಮರೆಯುತ್ತಾರೆ. ಗೇನರ್ ಮರೆಯಲಿಲ್ಲ. ಸ್ವಾನ್ಸಿಯ ಶಾಲೆಯೊಂದರ ಅಡುಗೆಮನೆಯಲ್ಲಿ ದಿನವಿಡೀ ಬೆಂದು, ಮೊಣಕೈತನಕ ಆಲೂಗಡ್ಡೆಯ ಹಿಟ್ಟು ಮೆತ್ತಿಕೊಂಡು ಮನೆಗೆ ಬರುವ ಹೆಂಗಸು ಅವಳು. ಶುಕ್ರವಾರ ಸಂಜೆ ಕಾರು ಹತ್ತಿದರೆ ಮಗಳ ಪಂದ್ಯ ಇದ್ದ ಊರಿಗೆ ಹೋಗಿ, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿ ಹಿಡಿದು, ತುಟಿ ಪಿಟಕ್ಕೆನ್ನದೆ ನೋಡಿ ಬರುತ್ತಿದ್ದಳು. ಗಂಡನಿಂದ ಬಿಡುಗಡೆಯಾದ ಮೇಲೆ ಅವಳು ತವರಿನ ಹೆಸರಿಗೆ ಮರಳಿದ್ದಳು. ಮಗಳು ಅಪ್ಪನ ಹೆಸರಿನಲ್ಲೇ ಟ್ಯಾಮ್ಸಿನ್ ರಡ್ಜ್ ಆಗಿ ಉಳಿದಿದ್ದಳು. ಅದೂ ಅನುಕೂಲವೇ ಆಯಿತು. ಕೋರ್ಟಿನ ಆಸುಪಾಸಿನಲ್ಲಿ ಎದುರಾದರೆ ಮಗಳು ಬೇರೆಯವರಿಗೆ ಕೊಟ್ಟಷ್ಟೇ ನಗು ಕೊಟ್ಟು, "ಹಲೋ ಗೇನರ್, ಬಂದಿದ್ದಕ್ಕೆ ಥ್ಯಾಂಕ್ಸ್," ಎಂದು ದಾಟಿಹೋಗುತ್ತಿದ್ದಳು. ಮೊದಮೊದಲು ಅದು ಎದೆಗೆ ಚುಚ್ಚುತ್ತಿತ್ತು. ಆಮೇಲೆ ರೂಢಿಯಾಯಿತು.

ಹೀಗೆ ಒಂಟಿಯಾಗಿ ಕೂರುತ್ತಿದ್ದವಳನ್ನು ಆರು ಜನರ ಒಂದು ಗುಂಪು ತಮ್ಮೊಳಗೆ ಎಳೆದುಕೊಂಡಿತ್ತು. ಇವರು ಬ್ರಿಟನ್ನಿನ ಆಟಗಾರರ ಹಿಂದೆ ಹುಚ್ಚು ಹಿಡಿದವರ ಹಾಗೆ ತಿರುಗುವ ಜನ. ವಿಂಬಲ್ಡನ್ ಎಂದರೆ ಮೂಗು ಮುರಿಯುವವರು. ಅಲ್ಲಿಗೆ ಯಾರು ಬೇಕಾದರೂ ಹೋಗುತ್ತಾರೆ ಎನ್ನುವುದು ಅವರ ಲೆಕ್ಕ. ಇವರ ಆಟಗಾರರು ಪೇಪರಿನಲ್ಲಿ ಹೆಸರು ಬಾರದ, ರ‍್ಯಾಂಕಿಂಗಿನ ತಳದಲ್ಲಿ ಒದ್ದಾಡುವ ಹುಡುಗ ಹುಡುಗಿಯರು. ಗುಂಪಿಗೆ ಹಿರಿಯ ಕ್ಲಿಫರ್ಡ್ ಆಂಬ್ಲರ್, ಡಾರ್ಲಿಂಗ್ಟನ್ನಿನಲ್ಲಿ ರೈಲ್ವೆ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದವನು. ಗುಂಪಿನ ವೆಬ್‌ಸೈಟಿನಲ್ಲಿ ಬರೆಯುವವನು ಅವನೇ. ಬಾಯಿ ಎಂದರೆ ಮದರ್‌ವೆಲ್‌ನ ಡೂಗಿ ರೆನ್ನಿಯದು. ಮತ್ತು ಸ್ಟಾಕ್‌ಪೋರ್ಟಿನ ನಾರ್ಮಾ. ಎಂಥ ಬಿಗಿ ಪಂದ್ಯದಲ್ಲೂ ಅವಳ ಹೆಣಿಗೆಯ ಕಡ್ಡಿ ನಿಲ್ಲುತ್ತಿರಲಿಲ್ಲ. ಅವಳ ಪಕ್ಕದ ಕುರ್ಚಿ ಗೇನರ್‌ಳದು ಎಂದು ಆಗಿಹೋಗಿತ್ತು. ಗೇನರ್ ಚಹಾಕ್ಕೆ ಎಷ್ಟು ಹಾಲು ಹಾಕಿಕೊಳ್ಳುತ್ತಾಳೆ, ಯಾವ ಮೊಣಕಾಲು ನೋಯುತ್ತದೆ ಎಲ್ಲವೂ ನಾರ್ಮಾಳಿಗೆ ಗೊತ್ತು. ಮಕ್ಕಳಿದ್ದಾರೆಯೇ ಎಂದು ಮಾತ್ರ ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ತಾನಾಗಿ ಹೇಳದ್ದನ್ನು ಕೆದಕಿ ಕೇಳುವುದು ಅವರಲ್ಲಿ ಇಲ್ಲ.

ಈ ಗುಂಪು ಪ್ರತಿ ತಿಂಗಳ ಕೊನೆಯ ಭಾನುವಾರ, ತಾವಿರುವ ಟೂರ್ನಮೆಂಟಿನ ಕ್ಯಾಂಟೀನಿನಲ್ಲಿ ಕೂತು ತಿಂಗಳ ಆಟಗಾರರನ್ನು ಆರಿಸುತ್ತಿತ್ತು. ಅದಕ್ಕೆ ಅವರದೇ ಒಂದು ಕ್ರಮ. ಪೈಪೋಟಿಯಲ್ಲಿ ಇರುವ ಒಬ್ಬೊಬ್ಬರಿಗೂ ಒಂದೊಂದು ಚಹಾ ಕಪ್ಪು. ಒಬ್ಬೊಬ್ಬರಾಗಿ ಎದ್ದು, ಆ ತಿಂಗಳು ತಾವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿಯನ್ನು ಎಲ್ಲರೆದುರು ಹೇಳಿ, ತಮಗೆ ಬೇಕಾದ ಕಪ್ಪಿನೊಳಗೆ ಒಂದು ಸಕ್ಕರೆ ಪೊಟ್ಟಣ ಹಾಕಬೇಕು. ಹತ್ತಿರದ ಊರಿನವರು ಮೊದಲು, ದೂರದಿಂದ ಬಂದವರು ಕೊನೆಗೆ. ಕೊನೆಯವರ ಮಾತನ್ನು ಕ್ಲಿಫರ್ಡ್ ತನ್ನ ಬರಹದ ನೆತ್ತಿಯ ಮೇಲೆ, ಹೇಳಿದವರ ಹೆಸರಿನ ಸಮೇತ ಹಾಕುತ್ತಿದ್ದ. ಅಷ್ಟು ದೂರದಿಂದ ಬಂದವರಿಗೆ ಅಷ್ಟಾದರೂ ಮರ್ಯಾದೆ ಬೇಡವೇ ಎನ್ನುತ್ತಿದ್ದ. ಇನ್ನೊಂದು ಕಟ್ಟುಪಾಡು: ಗುಂಪಿನಲ್ಲಿ ಆಟಗಾರರ ತಂದೆತಾಯಂದಿರು ಇರಕೂಡದು. ಹಿಂದೊಮ್ಮೆ ಒಬ್ಬ ಅಪ್ಪ ಸೇರಿಕೊಂಡು, ಎಲ್ಲರಿಗೂ ಕೇಕ್ ತಿನ್ನಿಸಿ ತಿನ್ನಿಸಿ ಮಗನನ್ನು ಗೆಲ್ಲಿಸಿದ್ದನಂತೆ. ಈ ಕಥೆ ಹೇಳಿ ಅವರು ನಕ್ಕಾಗ ಗೇನರ್ ಕೂಡ ನಕ್ಕಿದ್ದಳು. ಕೋರ್ಟಿನ ಬಳಿ ತಾನು ಯಾರ ತಾಯಿಯೂ ಅಲ್ಲವಲ್ಲ, ಹಾಗಾಗಿ ಇದು ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಟ್ಯಾಮ್ಸಿನ್‌ಗೆ ಈಗ ಇಪ್ಪತ್ತಮೂರು. ಆ ಫೆಬ್ರವರಿಯಲ್ಲಿ ಅವಳಿಗೆ ಏನಾಗಿತ್ತೋ, ಮುಟ್ಟಿದ್ದೆಲ್ಲ ಗೆಲುವು. ತಿಂಗಳ ಮೊದಲಲ್ಲಿ ಒಂದು ಟೂರ್ನಮೆಂಟ್ ಗೆದ್ದಳು. ತಿಂಗಳ ಕೊನೆಗೆ ಸಂಡರ್‌ಲ್ಯಾಂಡಿನ ಒಳಾಂಗಣ ಕೋರ್ಟಿನಲ್ಲಿ ಮತ್ತೆ ಫೈನಲ್‌ಗೆ ಬಂದಿದ್ದಳು. ಆದರೆ ಆ ಭಾನುವಾರ ಬೆಳಿಗ್ಗೆ, ಕಡಲ ದಂಡೆಯ ಲಾಡ್ಜಿನ ಕೋಣೆಯಲ್ಲಿ, ಅವಳಿಗೆ ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳಲು ಆಗಲಿಲ್ಲ. ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಶಾಲೆಗೆ ರಜೆಯಿದ್ದ ಈ ವಾರವಿಡೀ ಜಡೆ ಹಾಕುತ್ತಿದ್ದವಳು ಗೇನರ್.

ಭುಜದ ಒಳಗಿನ ಸ್ನಾಯು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ ಎಂದು ಕಾರ್ಡಿಫ್‌ನ ಸರ್ಜನ್ ಹೇಳಿದ್ದ. ಈಗಲೇ ಆಪರೇಷನ್ ಮಾಡಿಸಿದರೆ ಮುಂದಿನ ವರ್ಷ ಆಡಬಹುದು. ಹೀಗೇ ಆಡುತ್ತ ಹೋದರೆ ಒಂದು ದಿನ ಪೂರ್ತಿ ಹರಿಯುತ್ತದೆ. ಆಮೇಲೆ ಟೆನಿಸ್ ಇರಲಿ, ಅಟ್ಟದ ಮೇಲಿನ ತಟ್ಟೆ ಇಳಿಸುವುದಕ್ಕೂ ಇನ್ನೊಬ್ಬರನ್ನು ಕರೆಯಬೇಕು ಎಂದಿದ್ದ. ಇದು ತಾಯಿ ಮಗಳಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಎದುರಾಳಿಗಳು ಹದ್ದಿನ ಹಾಗೆ ಎರಗುತ್ತಾರೆ.

ಜಡೆಯ ಮೂರು ಎಳೆಗಳನ್ನು ಬಿಗಿ ಮಾಡುತ್ತ ಗೇನರ್ ಆಪರೇಷನ್ನಿನ ಮಾತೆತ್ತಿದಳು. ನಾಟಿಂಗ್‌ಹ್ಯಾಮ್ ಮುಗಿಯಲಿ ಎಂದಳು ಮಗಳು. ಮುಂದಿನ ತಿಂಗಳ ನಾಟಿಂಗ್‌ಹ್ಯಾಮ್ ಟೂರ್ನಮೆಂಟ್ ದೊಡ್ಡದು, ಹುಡುಗರೂ ಹುಡುಗಿಯರೂ ಆಡುವಂಥದ್ದು. ಅವಳ ರ‍್ಯಾಂಕಿಂಗಿಗೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಆದರೆ ಅಲ್ಲಿಯ ಮುಖ್ಯಸ್ಥ ತನ್ನ ಕೈಯಲ್ಲಿರುವ ಒಂದು ನೇರ ಪ್ರವೇಶವನ್ನು, ವೈಲ್ಡ್ ಕಾರ್ಡನ್ನು, ಹೋದ ಎರಡು ವರ್ಷವೂ ಈ ಅಭಿಮಾನಿಗಳು ಫೆಬ್ರವರಿಗೆ ಆರಿಸಿದವರಿಗೇ ಕೊಟ್ಟಿದ್ದ. ಕ್ಲಿಫರ್ಡ್ ಬರೆದದ್ದನ್ನು ಆತ ತಪ್ಪದೆ ಓದುತ್ತಾನೆ. ಇದು ಟ್ಯಾಮ್ಸಿನ್‌ಗೂ ಗೊತ್ತು.

"ಸಿಕ್ಕಿದ್ರೆ ಆಡ್ತೀನಿ ಮಾಮ್. ಇಂಜೆಕ್ಷನ್ ತಗೊಂಡಾದ್ರೂ ಆಡ್ತೀನಿ. ಸಿಗದಿದ್ರೆ ನಾಳೆ ಬೆಳಿಗ್ಗೆ ನಾನೇ ಸರ್ಜನ್‌ಗೆ ಫೋನ್ ಮಾಡ್ತೀನಿ. ಇದರ ಮೇಲೆ ಮಾತಿಲ್ಲ."

"ಅಷ್ಟು ಜನ ಚಹಾ ಕುಡಿದು ಹೇಳೋದರ ಮೇಲೆ ನಿನ್ನ ತೋಳು ನಿಂತಿದೆಯಾ?" ಎಂದಳು ಗೇನರ್.

"ಅವರು ನನ್ನ ಆಟ ಬಿಟ್ಟು ಬೇರೇನೂ ನೋಡಲ್ಲ. ಅದಕ್ಕೇ ಅವರು ಹೇಳಲಿ." ಟ್ಯಾಮ್ಸಿನ್ ಕನ್ನಡಿಯಲ್ಲಿ ತಾಯಿಯ ಮುಖವನ್ನು ಹುಡುಕಿದಳು. "ನೀನೂ ಅವರಲ್ಲಿ ಒಬ್ಬಳು. ನೀನು ನೋಡಿದ್ದನ್ನೇ ಹೇಳು, ಅಷ್ಟು ಸಾಕು. ನನಗೆ ಕೊಟ್ಟ ಮಾತು ನೆನಪಿದೆ ತಾನೇ?"

ನೆನಪಿದೆ ಎಂದಳು ಗೇನರ್. ಇಬ್ಬರೂ ಎಂದಿನಂತೆ ಬೇರೆ ಬೇರೆಯಾಗಿ ಲಾಡ್ಜಿನಿಂದ ಹೊರಟರು.

ಫೈನಲ್‌ನಲ್ಲಿ ಎದುರಿಗಿದ್ದವಳು ಬೆಲ್ಜಿಯಮ್ಮಿನ ಎತ್ತರದ ಹುಡುಗಿ. ಮೊದಲ ಸೆಟ್ಟನ್ನು ಟ್ಯಾಮ್ಸಿನ್ ಹೇಗೋ ಎಳೆದಾಡಿ ತನ್ನದು ಮಾಡಿಕೊಂಡಳು. ಎರಡನೆಯದರಲ್ಲಿ ಅವಳ ಸರ್ವ್ ಸತ್ತೇಹೋಯಿತು. ಚೆಂಡನ್ನು ಮೇಲೆ ಎಸೆಯುತ್ತಾಳೆ, ತೋಳು ಅರ್ಧಕ್ಕೇ ನಿಲ್ಲುತ್ತದೆ, ಚೆಂಡು ನೆಟ್ಟಿನ ಬುಡಕ್ಕೆ ಬೀಳುತ್ತದೆ. ಮೂರು ಗೇಮ್ ಹೋದ ಮೇಲೆ ಅವಳು ಓಡುವುದನ್ನೇ ಬಿಟ್ಟಳು. ಬಂದ ಚೆಂಡಿಗೆ ರಾಕೆಟ್ ತೋರಿಸಿ, ಹೋದ ಚೆಂಡನ್ನು ನೋಡುತ್ತ ನಿಂತಳು. ಸೆಟ್ಟು ಒಂದು ಗೇಮೂ ಇಲ್ಲದೆ ಬೆಲ್ಜಿಯಮ್ಮಿನವಳ ಪಾಲಾಯಿತು.

ಸೋಲುವುದನ್ನು ಈ ಗುಂಪು ಕ್ಷಮಿಸುತ್ತಿತ್ತು. ಸೆಟ್ಟನ್ನು ಬೇಕೆಂದೇ ಕೈಬಿಡುವುದನ್ನು ಕ್ಷಮಿಸುತ್ತಿರಲಿಲ್ಲ. ನೂರಾರು ಮೈಲಿ ಡ್ರೈವ್ ಮಾಡಿಕೊಂಡು ಬಂದವರ ಮುಖಕ್ಕೆ ಉಗಿದ ಹಾಗೆ ಅದು. ಡೂಗಿ ಹಿಂದಕ್ಕೆ ಒರಗಿ ಕೈಕಟ್ಟಿಕೊಂಡ. ದೊರೆಸಾನಿಗೆ ಬೇಜಾರಾಗಿದೆ, ದಿಂಬು ತಂದುಕೊಡಿ ಎಂದು ಎರಡು ಸಾಲಿಗೆ ಕೇಳುವ ಹಾಗೆ ಹೇಳಿದ. ಗೇನರ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಹಿಂಡಿಹೋಗಿ ಮೊಟ್ಟೆ ಬೆರಳ ಸಂದಿಗೆ ಬಂತು. ಒರೆಸಿಕೊಂಡಳು. ಮಗಳು ನೋವಿನಲ್ಲಿರುವ ತೋಳನ್ನು ಮೂರನೆಯ ಸೆಟ್ಟಿಗಾಗಿ ಉಳಿಸಿಕೊಳ್ಳುತ್ತಿದ್ದಾಳೆ ಎಂದು ಅವಳೊಬ್ಬಳಿಗೆ ಕಾಣುತ್ತಿತ್ತು. ಅದು ಆಟಗಾರ್ತಿಯೊಬ್ಬಳು ಮಾಡಬಹುದಾದ ಅತಿ ಕಷ್ಟದ ಕೆಲಸ. ಎಲ್ಲರ ಕಣ್ಣಿಗೆ ಸೋಮಾರಿಯಾಗಿ ಕಾಣುತ್ತ, ತುಟಿ ಕಚ್ಚಿಕೊಂಡು ಸೋಲುವುದು.

ಪಕ್ಕದಲ್ಲಿ ನಾರ್ಮಾ ಹೆಣಿಗೆಯ ಎಳೆ ಎಣಿಸುತ್ತ, ಈ ವಾರ ಆ ಹುಡುಗಿಯ ಜಡೆ ಎಷ್ಟು ನೀಟಾಗಿದೆ ನೋಡು ಎಂದಳು. ಅವಳದು ಯಾವಾಗಲೂ ಕಾಗೆ ಗೂಡಿನ ಹಾಗಿರುತ್ತಿತ್ತು. ಇದು ತನ್ನ ಕೈಯಲ್ಲಿ ತಾನೇ ಹಾಕಿಕೊಂಡ ಜಡೆ ಅಲ್ಲ, ಹೆಣೆಯುವವಳಿಗೆ ಗೊತ್ತಾಗದೇ ಇರುತ್ತದೆಯೇ ಎಂದಳು. ಗೇನರ್‌ಳ ಕಣ್ಣು ಕೋರ್ಟಿನ ಮೇಲೇ ಇತ್ತು. ಹೌದಾ, ನಾನು ಗಮನಿಸಲಿಲ್ಲ ಎಂದಳು.

ಮೂರನೆಯ ಸೆಟ್ಟಿನಲ್ಲಿ ಟ್ಯಾಮ್ಸಿನ್ ಮಾಡಿದ್ದನ್ನು ಆ ಹಾಲ್‌ನಲ್ಲಿದ್ದವರು ಬಹುಕಾಲ ಹೇಳಿಕೊಂಡರು. ಅವಳು ಚೆಂಡನ್ನು ಸೊಂಟದ ಕೆಳಗಿನಿಂದ, ಮಕ್ಕಳು ಗೋಲಿ ಎಸೆಯುವ ಹಾಗೆ, ಮೆಲ್ಲಗೆ ತಿರುಗಿಸಿ ಸರ್ವ್ ಮಾಡಿದಳು. ಬೆಲ್ಜಿಯಮ್ಮಿನವಳು ಮೊದಲು ನಕ್ಕಳು. ಆಮೇಲೆ ಓಡಿ ಬಂದು ಬಾಗಿದಳು, ಮುಗ್ಗರಿಸಿದಳು, ಸಿಟ್ಟಾದಳು. ಒಂದೂ ಸರ್ವ್ ಮೇಲಿನಿಂದ ಹೊಡೆಯದೆ, ಕಾಲು ಮತ್ತು ತಲೆಯಿಂದಲೇ ಆಡಿ ಟ್ಯಾಮ್ಸಿನ್ ಗೆದ್ದಳು. ಜನ ಎದ್ದು ನಿಂತರು. ಗೇನರ್ ಬೇರೆಯವರು ತಟ್ಟಿದಷ್ಟೇ ಚಪ್ಪಾಳೆ ತಟ್ಟಿದಳು. ಅಂಗೈ ಉರಿಯುವ ಮುಂಚೆ ನಿಲ್ಲಿಸಿದಳು.

ಕ್ಯಾಂಟೀನಿನಲ್ಲಿ ಗುಂಪು ಕಿಟಕಿ ಪಕ್ಕದ ಮೇಜು ಹಿಡಿಯಿತು. ಹೊರಗೆ ಉತ್ತರ ಸಮುದ್ರದ ಗಾಳಿ ಕಾರ್ ಪಾರ್ಕಿನ ಕಸದ ಡಬ್ಬದ ಮುಚ್ಚಳವನ್ನು ಬಡಿಯುತ್ತಿತ್ತು. ಕ್ಲಿಫರ್ಡ್ ಎರಡು ಕಪ್ಪುಗಳನ್ನು ನಡುವೆ ಇಟ್ಟ. ಹಸಿರು ಅಂಚಿನದು ಟ್ಯಾಮ್ಸಿನ್ ರಡ್ಜ್‌ಗೆ. ಬಿಳಿಯದು ಫರ್ಗಸ್ ಓರ್ಡ್‌ಗೆ; ಹತ್ತೊಂಬತ್ತರ ಹುಡುಗ, ಅರ್ಹತಾ ಸುತ್ತಿನಿಂದ ಮೇಲೆದ್ದು ಬಂದು ಗ್ಲಾಸ್ಗೋದಲ್ಲಿ ತನಗಿಂತ ಬಹಳ ದೊಡ್ಡವನನ್ನು ಕೆಡವಿದ್ದ. ಫರ್ಗಸ್ ಆಗಲೇ ಬೇರೊಂದು ಟೂರ್ನಮೆಂಟಿಗೆ ಪೋರ್ಚುಗಲ್‌ಗೆ ಹೋಗಿಯಾಗಿತ್ತು. ನಾಟಿಂಗ್‌ಹ್ಯಾಮ್ ಅವನಿಗೆ ಸಿಕ್ಕರೂ ಸರಿ, ಸಿಗದಿದ್ದರೂ ಸರಿ.

ಕ್ಲಿಫರ್ಡನ ಊರು ಹತ್ತಿರ, ಹಾಗಾಗಿ ಅವನೇ ಮೊದಲು ಎದ್ದ. ಇಷ್ಟು ವರ್ಷದಲ್ಲಿ ಕೆಳಗಿನ ಸರ್ವ್‌ನಿಂದ ಇಡೀ ಸೆಟ್ಟನ್ನು ಗೆದ್ದದ್ದನ್ನು ತಾನು ಕಂಡಿಲ್ಲ ಎಂದು ಹೇಳಿ ಹಸಿರು ಕಪ್ಪಿಗೆ ಪೊಟ್ಟಣ ಹಾಕಿದ. ವಿಟ್ಬಿಯಿಂದ ಬಂದಿದ್ದ ನಿವೃತ್ತ ಟೀಚರಮ್ಮ ಫರ್ಗಸ್‌ನ ಬ್ಯಾಕ್‌ಹ್ಯಾಂಡನ್ನು ಹೊಗಳಿ ಬಿಳಿ ಕಪ್ಪಿಗೆ ಹಾಕಿದರು. ಲೀಡ್ಸ್‌ನ ಗಂಡ ಹೆಂಡತಿ ಎಂದಿನಂತೆ ಒಬ್ಬರನ್ನೊಬ್ಬರು ಕಡಿಯುವ ಹಾಗೆ ನೋಡಿ ಒಂದೊಂದು ಕಪ್ಪಿಗೆ ಹಾಕಿದರು. ಮದುವೆಯಾಗಿ ಇಷ್ಟು ವರ್ಷವಾಯಿತು, ಒಂದು ಸಕ್ಕರೆ ಪೊಟ್ಟಣದಲ್ಲಾದರೂ ಒಂದಾಗಬಾರದೇ ಎಂದು ಡೂಗಿ ಛೇಡಿಸಿದ. ನಾರ್ಮಾ ಕಡ್ಡಿ ಕೆಳಗಿಟ್ಟು, ಟ್ಯಾಮ್ಸಿನ್ ಸೋತ ಹುಡುಗಿಯ ಬೆನ್ನು ಸವರಿ ಅವಳ ಕಿವಿಯಲ್ಲಿ ಏನೋ ಹೇಳಿದ್ದನ್ನು ಕಂಡೆ, ಅಷ್ಟು ಸಾಕು ಎಂದು ಹಸಿರು ಕಪ್ಪಿಗೆ ಹಾಕಿದಳು.

ಡೂಗಿ ನಿಧಾನವಾಗಿ ಎದ್ದ. ಪೊಟ್ಟಣವನ್ನು ಬೆರಳುಗಳ ನಡುವೆ ಹಿಡಿದು ಅಲ್ಲಾಡಿಸಿದ.

"ನಾನು ಕಂಡದ್ದು ಎರಡನೇ ಸೆಟ್ಟು. ನೀವೆಲ್ಲ ಆವಾಗ ಕಣ್ಣು ಮುಚ್ಕೊಂಡಿದ್ರಿ ಅಂತ ಕಾಣತ್ತೆ. ಕೈಕಾಲು ನೆಟ್ಟಗಿರೋ ಹುಡುಗಿ, ಆಡದೆ ನಿಂತ್ಕೊಂಡ್ಲು. ಫರ್ಗಸ್ ಸೋಲೋ ಚೆಂಡಿಗೂ ಗೋಡೆಗೆ ಹೋಗಿ ಡಿಕ್ಕಿ ಹೊಡೀತಾನೆ. ಸೆಟ್ ಬಿಟ್ಟು ಕೊಟ್ಟೋಳಿಗೆ ನನ್ನ ಸಕ್ಕರೆ ಇಲ್ಲ."

"ನೀನು ಈ ಮೆಟ್ಟಿಲು ಹತ್ತೋಕೆ ಎರಡು ಸಲ ಕೂತೆಯಲ್ಲೋ ಡೂಗಿ," ಎಂದಳು ನಾರ್ಮಾ.

"ನಾನು ಟಿಕೆಟ್ ಕೊಟ್ಟು ಬಂದೋನು, ಕೂರ್ತೀನಿ. ಅವಳು ಕೂರಂಗಿಲ್ಲ." ಪೊಟ್ಟಣ ಬಿಳಿ ಕಪ್ಪಿಗೆ ಬಿತ್ತು.

ಮೂರು, ಮೂರು. ಉಳಿದದ್ದು ಗೇನರ್. ಸ್ವಾನ್ಸಿಯಿಂದ ಬಂದವಳಿಗಿಂತ ದೂರದವರು ಆ ಮೇಜಿನಲ್ಲಿ ಯಾರೂ ಇರಲಿಲ್ಲ.

ಅವಳಿಗೆ ಅನುಮಾನವೇ ಇರಲಿಲ್ಲ. ನೋಡುವವಳಾಗಿ ಹೇಳಬೇಕೆಂದರೆ ಈ ತಿಂಗಳು ಟ್ಯಾಮ್ಸಿನ್‌ಳದು. ಫರ್ಗಸ್ ಹತ್ತಿರಕ್ಕೂ ಬರುವುದಿಲ್ಲ. ಗೇನರ್ ಯಾರಿಗೂ ಏನೂ ಅಲ್ಲದೆ, ಸುಮ್ಮನೆ ಟೆನಿಸ್ ಪ್ರೀತಿಸುವ ಒಬ್ಬ ಹೆಂಗಸಾಗಿದ್ದಿದ್ದರೆ ಈ ಹೊತ್ತಿಗೆ ಪೊಟ್ಟಣ ಹಸಿರು ಕಪ್ಪಿನಲ್ಲಿ ಇರುತ್ತಿತ್ತು. ಕೊಟ್ಟ ಮಾತೂ ಅದನ್ನೇ ಕೇಳುತ್ತಿತ್ತು: ಬೇರೆಯವರು ನೋಡುವ ಹಾಗೆ ನೋಡು. ಇಷ್ಟು ವರ್ಷ ಆ ಮಾತು ಅವಳ ಬಾಯಿಯನ್ನಷ್ಟೇ ಕಟ್ಟಿತ್ತು. ಮಗಳು ಸೋತು ಒಂಟಿಯಾಗಿ ಬ್ಯಾಗ್ ತುಂಬುವಾಗ ಹೋಗಿ ತಬ್ಬದಂತೆ ತಡೆದಿತ್ತು. ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಇಂದು ಅದು ಮಗಳ ತೋಳನ್ನೇ ಕೇಳುತ್ತಿತ್ತು. ಪೊಟ್ಟಣ ಹಸಿರು ಕಪ್ಪಿಗೆ ಬಿದ್ದರೆ ಕ್ಲಿಫರ್ಡ್ ಸಂಜೆಯೊಳಗೆ ಬರೆಯುತ್ತಾನೆ, ನಾಟಿಂಗ್‌ಹ್ಯಾಮಿನವನು ಓದುತ್ತಾನೆ, ಸೂಜಿ ಭುಜದೊಳಗೆ ಇಳಿಯುತ್ತದೆ, ಎಳೆ ಹರಿಯುತ್ತದೆ. ಇದರಲ್ಲಿ ಅವಳಿಗೆ ತಪ್ಪಿಸಿಕೊಳ್ಳುವ ದಾರಿ ಎಲ್ಲೂ ಕಾಣಲಿಲ್ಲ, ನೇರ ಇಳಿಜಾರು.

ನಿಜ ಹೇಳಿಬಿಡಬಹುದು. ಅವಳ ತೋಳು ಹರಿದಿದೆ, ಆರಿಸಬೇಡಿ ಎನ್ನಬಹುದು. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಭುಜದ ಸುದ್ದಿ ನಾಳೆಯೊಳಗೆ ಪ್ರತಿಯೊಬ್ಬ ಕೋಚ್‌ನ ಕಿವಿಗೆ ಬೀಳುತ್ತದೆ. ಟ್ಯಾಮ್ಸಿನ್ ಮತ್ತೆ ಅದೇ ಹುಡುಗಿಯಾಗುತ್ತಾಳೆ, ಕೋರ್ಟಿಗೆ ನುಗ್ಗಿದ ಅಮ್ಮನ ಮಗಳು.

"ಗೇನರ್, ಬಂಗಾರ, ಸಕ್ಕರೆ ಕರಗಿಹೋಗತ್ತೆ," ಎಂದಳು ನಾರ್ಮಾ.

ಎಲ್ಲರೂ ನಕ್ಕರು. ಕ್ಲಿಫರ್ಡ್ ಆಗಲೇ ಫೋನು ತೆಗೆದು ಟ್ಯಾಮ್ಸಿನ್‌ಳ ಫೋಟೋ ಹುಡುಕತೊಡಗಿದ್ದ. ಗೇನರ್ ಆ ಹುಡುಗಿಯ ಒಂದು ಪಂದ್ಯವನ್ನೂ ತಪ್ಪಿಸಿದವಳಲ್ಲ, ಅವಳ ಪೊಟ್ಟಣ ಎಲ್ಲಿ ಬೀಳುತ್ತದೆಂದು ಯಾರಿಗೂ ಸಂಶಯವಿರಲಿಲ್ಲ.

ಗೇನರ್ ಎದ್ದಳು. ಸುಳ್ಳೊಂದನ್ನು ಹೊಸದಾಗಿ ಹೊಸೆಯುವ ಶಕ್ತಿ ಅವಳಲ್ಲಿ ಇರಲಿಲ್ಲ. ಮೇಜಿನ ಮೇಲೆ ಆಗಲೇ ಬಿದ್ದಿದ್ದ ಸುಳ್ಳನ್ನೇ ಎತ್ತಿಕೊಂಡಳು.

"ಎರಡನೇ ಸೆಟ್ಟನ್ನ ಅವಳು ಬಿಟ್ಟು ಕೊಟ್ಟಳು. ನಾನು ಕಣ್ಣಾರೆ ನೋಡಿದೆ."

ಪೊಟ್ಟಣ ಬಿಳಿ ಕಪ್ಪಿಗೆ ಬಿತ್ತು.

ಡೂಗಿಗೇ ಗೆದ್ದ ಖುಷಿ ಬರಲಿಲ್ಲ. ಅವನು ತಲೆ ಕೆರೆದುಕೊಂಡು, ತಾನು ಸ್ವಲ್ಪ ಜಾಸ್ತಿಯೇ ಅಂದೆನೇನೋ ಎಂದು ಗೊಣಗಿದ. ನಾರ್ಮಾ ಉಣ್ಣೆಯ ಉಂಡೆಯನ್ನು ಚೀಲಕ್ಕೆ ಹಾಕುತ್ತ, ಗೇನರ್‌ಳ ಮುಖವನ್ನು ನೋಡದೆ, ನಿನ್ನ ಬಾಯಲ್ಲಿ ಈ ಮಾತು ಬರುತ್ತದೆಂದು ಅಂದುಕೊಂಡಿರಲಿಲ್ಲ ಕಣೇ ಎಂದಳು. ಕ್ಲಿಫರ್ಡ್ ಕನ್ನಡಕ ಏರಿಸಿಕೊಂಡು ಆ ವಾಕ್ಯವನ್ನು ಫೋನಿನಲ್ಲಿ ಬರೆದುಕೊಂಡ. ಕೊನೆಯವರ ಮಾತು, ನೆತ್ತಿಯ ಮೇಲೆ ಹೋಗಬೇಕು. ಅದೊಂದು ಬೇಡ ಕ್ಲಿಫರ್ಡ್ ಎಂದು ಗೇನರ್ ಮೆಲ್ಲಗೆ ಕೇಳಿಕೊಂಡಳು. ಅವನು ಒಪ್ಪಲಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದ.

ಗೇನರ್ ಕಾರನ್ನು ಹಾಲ್‌ನಿಂದ ದೂರ, ಲೈಟ್‌ಹೌಸ್ ಕಾಣುವ ಕಡಲ ರಸ್ತೆಯಲ್ಲಿ ನಿಲ್ಲಿಸಿ ಕಾದಳು. ಮಗಳನ್ನು ಯಾರ ಕಣ್ಣಿಗೂ ಬೀಳದಂತೆ ಹತ್ತಿಸಿಕೊಳ್ಳುವುದು ಯಾವಾಗಲೂ ಹೀಗೆಯೇ. ಟ್ಯಾಮ್ಸಿನ್ ಬ್ಯಾಗನ್ನು ಎಡಭುಜಕ್ಕೆ ಹಾಕಿಕೊಂಡು ಗಾಳಿಗೆ ಬಾಗಿ ನಡೆದು ಬಂದಳು. ಭುಜದ ಮೇಲೆ ಐಸ್ ಕಟ್ಟಿದ್ದು ಜಾಕೆಟ್ಟಿನ ಕೆಳಗೆ ಗೂನಿನ ಹಾಗೆ ಉಬ್ಬಿತ್ತು. ಟ್ರೋಫಿ ಬ್ಯಾಗಿನೊಳಗಿತ್ತೋ ಏನೋ, ತೋರಿಸಲಿಲ್ಲ. ಒಳಗೆ ಕೂತು, ಬಲಗೈ ಆಡದ್ದರಿಂದ ಸೀಟ್ ಬೆಲ್ಟನ್ನು ಎಡಗೈಯಿಂದ ಎಳೆಯಲು ಹೋದಳು. ಗೇನರ್ ಬಾಗಿ ಅದನ್ನು ಎಳೆದು ಸಿಕ್ಕಿಸಿದಳು.

ಕಾರಿಡಾರಿನಲ್ಲಿ ಡೂಗಿ ಸಿಕ್ಕಿದ್ದನಂತೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಳೇ, ಒಂದೇ ಒಂದು ಪೊಟ್ಟಣದಲ್ಲಿ ತಪ್ಪಿತು, ಮೂರನೇ ಸೆಟ್ಟು ಮಾತ್ರ ನಾನು ಸಾಯೋತನಕ ಮರೆಯಲ್ಲ ಎಂದನಂತೆ. ಯಾರ ಪೊಟ್ಟಣ ಎಂದು ಅವನು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಟ್ಯಾಮ್ಸಿನ್ ಫೋನನ್ನು ತಾಯಿಯ ಕಡೆ ತಿರುಗಿಸಿದಳು. ಕ್ಲಿಫರ್ಡ್ ತಡಮಾಡಿರಲಿಲ್ಲ. ಫರ್ಗಸ್ ಓರ್ಡ್‌ನ ನಗುಮುಖ, ಅದರ ಮೇಲೆ ದಪ್ಪ ಅಕ್ಷರದ ಒಂದು ಸಾಲು, ಸಾಲಿನ ಕೆಳಗೆ ಗೇನರ್ ಪೆಲ್, ಸ್ವಾನ್ಸಿ.

ಗಾಳಿ ಕಾರನ್ನು ತೂಗುತ್ತಿತ್ತು.

"ಸರ್ಜನ್‌ಗೆ ನಾಳೆ ಫೋನ್ ಮಾಡ್ತೀನಿ," ಎಂದಳು ಟ್ಯಾಮ್ಸಿನ್. "ಹೇಳಿದ ಮೇಲೆ ಮುಗೀತು."

"ಆಯ್ತು."

"ನಾನು ಒಂದು ಕೇಳ್ಲಾ? ಎರಡನೇ ಸೆಟ್ಟಲ್ಲಿ ನೀನು ನೋಡಿದ್ದು ಇದೇನಾ?"

ಗೇನರ್ ಸ್ಟೀರಿಂಗಿನ ಮೇಲೆ ಕೈ ಇಟ್ಟಳು, ತೆಗೆದಳು. ಹೌದು ಎಂದುಬಿಟ್ಟರೆ ಮಾತು ಉಳಿದಂತೆ ಕಾಣುತ್ತದೆ, ಮಗಳು ಸಿಟ್ಟಾಗಿ ಸುಮ್ಮನಾಗುತ್ತಾಳೆ. ಆದರೆ ಆ ಸೆಟ್ಟನ್ನು ಅರ್ಥಮಾಡಿಕೊಂಡಿದ್ದವಳು ಇಡೀ ಹಾಲ್‌ನಲ್ಲಿ ತಾನೊಬ್ಬಳೇ. ಆ ಒಬ್ಬಳನ್ನೂ ಮಗಳ ಕೈಯಿಂದ ಕಸಿಯಲು ಅವಳಿಗೆ ಮನಸ್ಸು ಬರಲಿಲ್ಲ.

"ಅಲ್ಲ," ಎಂದಳು. "ಈ ತಿಂಗಳು ನಿನ್ನದೇ. ಯಾರು ನೋಡಿದ್ರೂ ನಿನ್ನದೇ."

ಟ್ಯಾಮ್ಸಿನ್ ತಲೆಯಾಡಿಸಿದಳು. ಅತ್ತಳೋ ಇಲ್ಲವೋ ಗೊತ್ತಾಗಲಿಲ್ಲ, ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದಳು. ಮುಂದಿನ ವರ್ಷ ನಾನು ಆಡುವುದಾದರೆ ನೀನು ಬರಬೇಡ ಎಂದಳು, ಸಿಟ್ಟಿಲ್ಲದ ದನಿಯಲ್ಲಿ, ಹವಾಮಾನದ ಸುದ್ದಿ ಹೇಳುವ ಹಾಗೆ. ಗೇನರ್ ಕಾರು ಸ್ಟಾರ್ಟ್ ಮಾಡಿದಳು. ಸ್ವಾನ್ಸಿ ದೂರವಿತ್ತು, ಸೋಮವಾರ ಬೆಳಿಗ್ಗೆ ಮುನ್ನೂರು ಮಕ್ಕಳ ಊಟವಿತ್ತು.

ಬೋಲ್ಟನ್ನಿನಲ್ಲಿ ಮಗಳಿಗೆ ಕೊಟ್ಟ ಮಾತನ್ನು ಗೇನರ್ ಆ ದಿನ ಮುರಿದಿದ್ದಳು.